ಅಪ್ಪನ ಪಾಸ್‌ಬುಕ್, ನನ್ನ ಖರ್ಚಿನ ವಹಿ

2025ರ ಮಾರ್ಚ್ ಕೊನೆಯಲ್ಲಿ ನಾನು ಕೆಲಸ ಬಿಟ್ಟೆ. ಆಗ ನನಗೆ 49 ವರ್ಷ. ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ 26 ಹಂಗಾಮು ದುಡಿದಿದ್ದೆ. 58ರವರೆಗೆ ಇರಬಹುದಿತ್ತು. ಒಂಬತ್ತು ವರ್ಷ ಮೊದಲೇ ಯಾಕೆ ಬಿಟ್ಟೆ, ಈಗ ಮನೆ ಹೇಗೆ ನಡೆಯುತ್ತಿದೆ ಅಂತ ಬಹಳ ಜನ ಕೇಳುತ್ತಾರೆ. ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳಿದರೆ ಅರ್ಧವೇ ತಲುಪುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮದು ಮುಳುಗಡೆ ಮನೆತನ. ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಆ ಹಿನ್ನೀರು ಘಟಪ್ರಭೆಯ ಗುಂಟ ಏರಿ ಬಂದು ಹಳೇ ಬಾಗಲಕೋಟೆಯ ಓಣಿಗಳನ್ನೇ ತೆಗೆದುಕೊಂಡಿತು. ಊರು ಎದ್ದು ನವನಗರಕ್ಕೆ ಬಂತು. ನಮ್ಮ ಮನೆ ಹೋಯಿತು, ಹೊಳೆದಂಡೆಯ ನಾಲ್ಕು ಎಕರೆ ಎರೆಹೊಲವೂ ಹೋಯಿತು. 1996ರಲ್ಲಿ ಎರಡಕ್ಕೂ ಸೇರಿ ಪರಿಹಾರ ಬಂತು: 3,86,000 ರೂಪಾಯಿ. ಜೊತೆಗೆ ನವನಗರದಲ್ಲಿ ಒಂದು ಸೈಟು.

ಅಪ್ಪನ ಆ ಪಾಸ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ನೀಲಿ ರಟ್ಟು, ಒಳಗೆ ಬ್ಯಾಂಕಿನ ಗುಮಾಸ್ತರ ಕೈಬರಹ. ಮೇಲೆ ಒಂದೇ ಒಂದು ದೊಡ್ಡ ಜಮಾ. ಅದರ ಕೆಳಗೆ ಬರೀ ತೆಗೆದದ್ದು. ಪ್ರತಿ ಸಾಲಿನ ಹಿಂದಿನ ಕಥೆ ನನಗೆ ಗೊತ್ತು. 85,000, ಅಕ್ಕನ ಮದುವೆ. 38,000, ಮೋಟಾರ್ ಸೈಕಲ್. 40,000, ಚಿಕ್ಕಪ್ಪನಿಗೆ ಕೈಗಡ. ಒಂದೂವರೆ ಲಕ್ಷ, ನವನಗರದಲ್ಲಿ ಹಾಕಿದ ಕಿರಾಣಿ ಅಂಗಡಿ. ಅಲ್ಲಿಂದ ಮುಂದೆ ಎರಡು ಸಾವಿರ, ಐದು ಸಾವಿರ, ಮತ್ತೆ ಎರಡು ಸಾವಿರ. 1999ರ ಜೂನ್ ಹೊತ್ತಿಗೆ ಉಳಿದದ್ದು 1,140 ರೂಪಾಯಿ.

ಅಪ್ಪ ಕುಡಿದವರಲ್ಲ, ಇಸ್ಪೀಟು ಮುಟ್ಟಿದವರಲ್ಲ. ಒಂದೊಂದೇ ಖರ್ಚು ನೋಡಿದರೆ ಯಾವುದೂ ತಪ್ಪು ಅನ್ನಿಸುವುದಿಲ್ಲ. ಅಂಗಡಿ ಮಾತ್ರ ಉದ್ರಿ ಕೊಟ್ಟು ಕೊಟ್ಟು ಮುಳುಗಿತು. ಎಲ್ಲರೂ ನಮ್ಮ ಹಾಗೇ ಎದ್ದು ಬಂದವರು, ಬೇಡ ಅನ್ನುವುದು ಹೇಗೆ? ಆದರೆ ಹೊಲ ಇದ್ದಾಗ ವರ್ಷಾ ವರ್ಷ ಜೋಳ, ಕಡಲೆ, ಕುಸುಬೆ ಬರುತ್ತಿತ್ತು. ಬೆಳೆ ತಿನ್ನುತ್ತಿದ್ದೆವು, ಹೊಲ ಹಾಗೇ ಇರುತ್ತಿತ್ತು. ಅದೇ ಹೊಲ ದುಡ್ಡಾಗಿ ಬಂದಾಗ ಮೂರೇ ವರ್ಷದಲ್ಲಿ ತಿಂದು ಮುಗಿಸಿದೆವು. ಈ ಮಾತು ನನಗೆ ಅರ್ಥವಾಗಲು ಹತ್ತು-ಹನ್ನೆರಡು ವರ್ಷ ಬೇಕಾಯಿತು. ಅರ್ಥವಾದ ಮೇಲೆ ಮನಸ್ಸಿನಲ್ಲಿ ಇದ್ದದ್ದು ಒಂದೇ, ಆ ನಾಲ್ಕು ಎಕರೆಯನ್ನು ಹೇಗಾದರೂ ಮತ್ತೆ ಕಟ್ಟಬೇಕು.

ನಾನು ಬಿ.ಎಸ್ಸಿ. ಮುಗಿಸಿ 1999ರ ಆಗಸ್ಟ್‌ನಲ್ಲಿ ಲ್ಯಾಬಿಗೆ ಸೇರಿದೆ. ಸಂಬಳ 3,200. ಸಕ್ಕರೆ ಲ್ಯಾಬಿನ ಕೆಲಸ ಅಂದರೆ ಸಕ್ಕರೆ ಎಲ್ಲಿ ಹೋಯಿತು ಅಂತ ಹುಡುಕುವ ಕೆಲಸ. ನೂರು ಟನ್ ಕಬ್ಬು ನುರಿಸಿದರೆ ಹತ್ತು-ಹನ್ನೊಂದು ಟನ್ ಸಕ್ಕರೆ ಚೀಲಕ್ಕೆ ಬೀಳುತ್ತದೆ. ಅದಕ್ಕೆ ರಿಕವರಿ ಅನ್ನುತ್ತೇವೆ. ಕಬ್ಬಿನಲ್ಲಿದ್ದ ಉಳಿದ ಸಕ್ಕರೆ ಬಗಾಸಿನಲ್ಲಿ, ಅಂದರೆ ಹಿಂಡಿದ ಸಿಪ್ಪೆಯಲ್ಲಿ ಸ್ವಲ್ಪ, ಪ್ರೆಸ್‌ಮಡ್ಡಿನಲ್ಲಿ, ಅಂದರೆ ರಸ ಸೋಸಿದ ಮಡ್ಡಿಯಲ್ಲಿ ಸ್ವಲ್ಪ, ಕಾಕಂಬಿಯಲ್ಲಿ ಜಾಸ್ತಿ ಹೋಗುತ್ತದೆ. ಮೂರನ್ನೂ ಅಳೆದು ಬರೆಯುತ್ತೇವೆ. ಎಲ್ಲ ಕೂಡಿಸಿದರೂ ಲೆಕ್ಕ ಪೂರ್ತಿ ಕೂಡುವುದಿಲ್ಲ. ಒಂದಿಷ್ಟು ಎಲ್ಲಿ ಹೋಯಿತೋ ಗೊತ್ತೇ ಆಗುವುದಿಲ್ಲ. ಅದಕ್ಕೆ ರಿಪೋರ್ಟಿನಲ್ಲಿ ಬೇರೆ ಸಾಲು ಇರುತ್ತದೆ, ಅನ್‌ನೋನ್ ಲಾಸ್ ಅಂತ. ಆ ಸಾಲು ಏರಿದರೆ ರಾತ್ರಿ ನಿದ್ದೆ ಇಲ್ಲ. ಪೈಪು ಸೋರುತ್ತಿದೆಯಾ, ಕುದಿಸುವ ಪ್ಯಾನಿನಲ್ಲಿ ಉಕ್ಕಿ ಹೋಯಿತಾ, ರಸ ಹುಳಿಯಾಯಿತಾ ಅಂತ ಹುಡುಕುತ್ತಲೇ ಇರಬೇಕು.

2011ರ ಆಫ್ ಸೀಸನ್‌ನಲ್ಲಿ ಒಂದು ಸಂಜೆ ಇದೇ ನಮೂನೆಯಲ್ಲಿ ನಮ್ಮ ಮನೆಯ ರಿಪೋರ್ಟ್ ಬರೆದೆ. 200 ಪುಟದ ಉದ್ದನೆಯ ವಹಿ. ಕೈಗೆ ಬಂದ ಸಂಬಳ 14,600. ಕಿರಾಣಿ, ಹಾಲು, ಕರೆಂಟು, ಮಗಳ ಶಾಲೆ, ಅವ್ವನ ಔಷಧ, ಪಾಲಿಸಿ, ಎಲ್ಲ ಬರೆದು ಕೂಡಿಸಿದೆ. ಉಳಿತಾಯ 1,600. ಆದರೂ 2,300 ರೂಪಾಯಿ ಲೆಕ್ಕಕ್ಕೆ ಸಿಗಲಿಲ್ಲ. ನಮ್ಮ ಮನೆಯಲ್ಲೂ ಅನ್‌ನೋನ್ ಲಾಸ್ ಇದೆ ಅಂತ ಅವತ್ತು ಗೊತ್ತಾಯಿತು, ಅದೂ ಉಳಿತಾಯಕ್ಕಿಂತ ದೊಡ್ಡದು.

ಮುಂದಿನ ಎರಡು ತಿಂಗಳು ನಾನೂ ನನ್ನ ಹೆಂಡತಿಯೂ ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ಕೂತು ಅವತ್ತಿನ ಖರ್ಚು ಬರೆದೆವು. ಎರಡು ರೂಪಾಯಿಯ ಬಾಳೆಹಣ್ಣೂ ಬಿಡಲಿಲ್ಲ. ಗೇಟಿನ ಮುಂದಿನ ಚಹಾ, ಗಿರ್ಮಿಟ್‌ನಲ್ಲೇ ದುಡ್ಡು ಹೋಗುತ್ತಿದೆ ಅಂತ ನಾನು ತಿಳಿದಿದ್ದೆ. ಅದು ತಿಂಗಳಿಗೆ ನಾನೂರೂ ಆಗಲಿಲ್ಲ. ದೊಡ್ಡ ಸೋರಿಕೆ ಕೈಗಡದಲ್ಲಿತ್ತು. ಇನ್ನೂರು, ಐನೂರು ಅಂತ ಕೊಟ್ಟು ಮರೆತದ್ದು ತಿಂಗಳಿಗೆ ಒಂಬೈನೂರರ ಹತ್ತಿರ. ಅಪ್ಪನ ಅಂಗಡಿ ಮುಳುಗಿಸಿದ ಅದೇ ಉದ್ರಿ, ನನ್ನ ಜೇಬಿನಲ್ಲಿ ಕೂತಿತ್ತು. ಕೊಡುವುದನ್ನು ಪೂರ್ತಿ ನಿಲ್ಲಿಸಲು ನನ್ನಿಂದ ಆಗಲಿಲ್ಲ, ನಿಲ್ಲಿಸಬಾರದು ಕೂಡ. ವಹಿಯಲ್ಲಿ ‘ಮಂದಿಗೆ 500’ ಅಂತ ಒಂದು ಸಾಲು ಹಾಕಿದೆ. ಆ ತಿಂಗಳು ಅಷ್ಟೇ. ಮುಗಿಯಿತು ಅಂದರೆ ಮುಂದಿನ ತಿಂಗಳು ಬಾ ಅನ್ನುವುದು. ಚಹಾ ಬಿಡಲಿಲ್ಲ.

ಆ ವರ್ಷ ನಮ್ಮ ಮನೆಯ ರಿಕವರಿ, ಅಂದರೆ ನೂರು ರೂಪಾಯಿ ಗಳಿಕೆಯಲ್ಲಿ ಉಳಿದದ್ದು, 11. ಕಬ್ಬಿಗೆ 11 ಬಂದರೆ ಕಾರ್ಖಾನೆಯಲ್ಲಿ ಹಬ್ಬ. ಸಂಸಾರಕ್ಕೆ ಅದು ಸಾಲದು. 2018ರಲ್ಲಿ 30 ಮುಟ್ಟಿತು. ಕೆಲಸದ ಕೊನೆಯ ವರ್ಷ, ಹೆಂಡತಿಯ ಗಳಿಕೆಯನ್ನೂ ಹಿಡಿದು, 44. ನನ್ನ ಇಡೀ ಕಥೆಯಲ್ಲಿ ಬಡ್ಡಿ ದರಕ್ಕಿಂತ, ಫಂಡಿಗಿಂತ ಜಾಸ್ತಿ ಕೆಲಸ ಮಾಡಿದ್ದು ಈ ಒಂದು ಅಂಕಿ. ಸಂಬಳ ಏರಿದಾಗಲೆಲ್ಲ ಏರಿದ್ದರಲ್ಲಿ ಅರ್ಧ ಮೊದಲು ಉಳಿತಾಯಕ್ಕೆ, ಅರ್ಧ ಮನೆಗೆ. ಈ ಕರಾರು ಹೆಂಡತಿ ಹಾಕಿದ್ದು. ಅರ್ಧ ಮನೆಗೂ ಬಂದದ್ದರಿಂದ ಯಾರಿಗೂ ಉಪವಾಸ ಮಾಡಿದ ಹಾಗೆ ಅನ್ನಿಸಲಿಲ್ಲ.

ಕೆಲಸ ಬಿಡುವ ಯೋಚನೆ ಬಂದದ್ದು 2017ರಲ್ಲಿ. ಆ ಸಲ ಕಾರ್ಖಾನೆ ನಾಲ್ಕು ತಿಂಗಳು ಸಂಬಳ ಕೊಡಲಿಲ್ಲ. ಕೇಳಲು ಹೋದ ನಮ್ಮನ್ನು ಆಫೀಸಿನಲ್ಲಿ ನಿಲ್ಲಿಸಿಯೇ ಮಾತಾಡಿ ಕಳಿಸಿದರು. ಹಂಗಾಮಿನ ಐದು ತಿಂಗಳು ಕ್ವಾರ್ಟರ್ಸಿನಲ್ಲೇ ಇರುತ್ತಿದ್ದೆ, ರಾತ್ರಿ ಎಂಟರಿಂದ ಬೆಳಗಿನ ನಾಲ್ಕರ ಪಾಳಿ. ಮಗಳ ಶಾಲೆಯ ಒಂದು ಗ್ಯಾದರಿಂಗ್ ಕೂಡ ನೋಡಿರಲಿಲ್ಲ. ಬೇಡ ಅನ್ನುವ ಧೈರ್ಯ ನನ್ನಲ್ಲಿ ಇರಲಿಲ್ಲ, ಏಕೆಂದರೆ ಬೇಡ ಅಂದರೆ ತಿನ್ನಲು ಇದ್ದದ್ದು ಎರಡು ವರ್ಷದ ಉಳಿತಾಯ ಮಾತ್ರ.

ಎಷ್ಟು ಇದ್ದರೆ ಬೇಡ ಅನ್ನಬಹುದು? ಇದಕ್ಕೆ ಒಂದು ಪ್ರಸಿದ್ಧ ಲೆಕ್ಕ ಇದೆ. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಹಾಕಿದ್ದು. ಕೂಡಿಟ್ಟ ಗಂಟಿನಲ್ಲಿ ಮೊದಲ ವರ್ಷ ನೂರಕ್ಕೆ ನಾಲ್ಕು ತೆಗೆಯಬೇಕು, ಮುಂದೆ ಬೆಲೆ ಏರಿದಷ್ಟು ಏರಿಸುತ್ತ ಹೋಗಬೇಕು. ಹಾಗೆ ಮಾಡಿದರೆ ಗಂಟು 30 ವರ್ಷ ಬಾಳುತ್ತದೆ. ತಿರುಗಿಸಿ ನೋಡಿದರೆ ವರ್ಷದ ಖರ್ಚಿನ 25 ಪಟ್ಟು ಬೇಕು. ಆದರೆ ಅದು ಅಲ್ಲಿನ ಷೇರು, ಅಲ್ಲಿನ ಬಾಂಡುಗಳ ಲೆಕ್ಕ. ನಮ್ಮಲ್ಲಿ ಬೆಲೆ ಏರುವ ರೀತಿಯೇ ಬೇರೆ. 49ಕ್ಕೆ ಬಿಡುವವನಿಗೆ 40 ವರ್ಷದ ದಾರಿ ಇದೆ. ಅದಕ್ಕೆ 25 ಅನ್ನುವುದನ್ನು ನಾನು ಕಡಿಮೆ ಪಕ್ಷದ ಅಂಕಿ ಅಂತ ಹಿಡಿದೆ, ನೆಮ್ಮದಿಗೆ 30 ಇರಬೇಕು ಅಂದುಕೊಂಡೆ.

ಹಳೇ ವಹಿ ತಿರುಗಿಸಿದರೆ, 2014ರಲ್ಲಿ ನಮ್ಮ ವರ್ಷದ ಖರ್ಚು 1.8 ಲಕ್ಷ. ಅಂದರೆ ಆಗ 45 ಲಕ್ಷ ಸಾಕಿತ್ತು. 2024ರಲ್ಲಿ ಅದೇ ಮನೆಯ ಖರ್ಚು 3.6 ಲಕ್ಷ, ಅಂದರೆ 90 ಲಕ್ಷ. ನಾನು ನಡೆದ ಹಾಗೆ ಗುರಿಯೂ ಮುಂದೆ ಮುಂದೆ ನಡೆಯಿತು. ಬಾಡಿಗೆ ಇಲ್ಲ ಅನ್ನುವುದೊಂದು ಸಮಾಧಾನ. ಆ ಮುಳುಗಡೆ ಸೈಟಿನ ಮೇಲೆ ಎರಡು ಖೋಲಿ ಕಟ್ಟಿ, ಆಮೇಲೆ ಮತ್ತೆರಡು ಏರಿಸಿದ್ದೆವು. ಅಪ್ಪ ಅದೊಂದನ್ನು ಮಾರಲಿಲ್ಲ. ಮಾರಿದ್ದರೆ ನಾನು ಇವತ್ತೂ ಪಾಳಿಯಲ್ಲೇ ಇರುತ್ತಿದ್ದೆ.

ದುಡ್ಡು ಎಲ್ಲೆಲ್ಲಿ ಇಟ್ಟೆ ಅನ್ನುವುದರಲ್ಲಿ ದೊಡ್ಡ ಜಾಣತನ ಏನೂ ಇಲ್ಲ. ಸಂಬಳದಲ್ಲಿ ಹಿಡಿಯುವ ಪಿ.ಎಫ್. ತಾನಾಗಿ ಬೆಳೆಯಿತು, ಮದುವೆಗೆ ಅಂತಲೂ ಮನೆಗೆ ಅಂತಲೂ ಅದನ್ನು ತೆಗೆಯಲಿಲ್ಲ. 2006ರಲ್ಲಿ ಪೋಸ್ಟಿನಲ್ಲಿ ಪಿಪಿಎಫ್ ಅನ್ನುವ ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ ತೆರೆದೆ. ಅಲ್ಲಿ ಪ್ರತಿ ತಿಂಗಳು 5ನೇ ತಾರೀಖಿನ ಒಳಗೆ ಕಟ್ಟಿದರೆ ಮಾತ್ರ ಆ ಕಂತಿಗೆ ಆ ತಿಂಗಳ ಬಡ್ಡಿ ಸಿಗುತ್ತದೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. 2013ರಲ್ಲಿ ಷೇರುಪೇಟೆಯ ಸೂಚ್ಯಂಕದ ಹಾಗೇ ಏರಿಳಿಯುವ ಇಂಡೆಕ್ಸ್ ಫಂಡಿಗೆ ತಿಂಗಳಿಗೆ 3,000ದ ಕಂತು, ಅಂದರೆ ಎಸ್‌ಐಪಿ, ಶುರು ಮಾಡಿದೆ, ಏರಿಸುತ್ತ ಹೋಗಿ ಕೊನೆಗೆ 15,000. ನೆಂಟರ ಮುಲಾಜಿಗೆ ತೆಗೆದುಕೊಂಡಿದ್ದ ಉಳಿತಾಯವೂ ಸೇರಿದ ಎಂಡೋಮೆಂಟ್ ಪಾಲಿಸಿಗಳಿಗೆ ಕಂತು ಕಟ್ಟುವುದು ನಿಲ್ಲಿಸಿ ಪೇಡ್-ಅಪ್ ಮಾಡಿ, ಬರೀ ಜೀವಕ್ಕೆ ವಿಮೆ ಇರುವ ಟರ್ಮ್ ಇನ್ಶೂರೆನ್ಸ್ ಮಾಡಿಸಿದೆ. 2015ರಲ್ಲಿ ಸುಕನ್ಯಾ ಸಮೃದ್ಧಿ ಬಂದಾಗ ಮಗಳಿಗೆ ಒಂಬತ್ತು ವರ್ಷ. ಅದು ಹತ್ತರ ಒಳಗಿನ ಹೆಣ್ಣುಮಕ್ಕಳಿಗೆ ಅಂತ ತಂದ ಉಳಿತಾಯ ಖಾತೆ, ಆಕೆಗೆ ತೆರೆದೆವು. ಈಗ ಆಕೆ ಇಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ, ಫೀಗೆ ಅದರಿಂದಲೇ ತೆಗೆದೆವು. ಆ ದುಡ್ಡು ಆಕೆಯದು, ನನ್ನ ಲೆಕ್ಕದಲ್ಲಿ ಹಿಡಿದಿಲ್ಲ.

ಒಂದು ಕಡೆ ಜೋರಾಗಿ ಬಿದ್ದೆ. ಊರಿನ ಒಂದು ಸೊಸೈಟಿಯಲ್ಲಿ ನೂರಕ್ಕೆ 12 ಬಡ್ಡಿ ಅಂದರು, ಎರಡು ಲಕ್ಷ ಇಟ್ಟೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಸೊಸೈಟಿ ಅಂದರೆ ನಮಗೆ ಮನೆಯಿದ್ದ ಹಾಗೆ, ಅನುಮಾನವೇ ಬರುವುದಿಲ್ಲ. ಎರಡು ವರ್ಷ ಬಡ್ಡಿ ಸರಿಯಾಗಿ ಬಂತು. ಮೂರನೇ ವರ್ಷ ಒಂದು ಸೋಮವಾರ ಶಟರ್ ಇಳಿದಿತ್ತು. ಮುಂದೆ ನೂರಾರು ಜನ. ಒಬ್ಬ ಅಜ್ಜಿ ಠೇವಣಿ ರಸೀದಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಎಲ್ಲರಿಗೂ ತೋರಿಸುತ್ತಿದ್ದರು, ಇದು ನಡೆಯತೈತೋ ಇಲ್ಲೋ ಹೇಳ್ರಪ್ಪಾ ಅಂತ. ಬ್ಯಾಂಕಿನ ಠೇವಣಿಗೆ ವಿಮೆ ಇರುತ್ತದೆ, 2020ರ ಫೆಬ್ರವರಿಯಿಂದ ಅದು 5 ಲಕ್ಷ. ಸಹಕಾರಿ ಬ್ಯಾಂಕಿಗೂ ಉಂಟು. ಪತ್ತಿನ ಸೊಸೈಟಿಗೆ ಆ ವಿಮೆ ಇಲ್ಲ. ಬ್ಯಾಂಕು ಬೇರೆ, ಸೊಸೈಟಿ ಬೇರೆ ಅಂತ ನಾನು ವಿಚಾರಿಸಿರಲೇ ಇಲ್ಲ. ಇಲ್ಲಿಯವರೆಗೆ ಮರಳಿ ಬಂದದ್ದು 60,000. ಅಷ್ಟೂ ದಿನ ಲೆಕ್ಕ ಬರೆದ ಕೈಯೇ ಅಲ್ಲಿ ಸಹಿ ಹಾಕಿತ್ತು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

2020ರ ಮಾರ್ಚ್ ಇನ್ನೊಂದು ಪರೀಕ್ಷೆ. ಜನವರಿಯಲ್ಲಿ 12,000 ದಾಟಿದ್ದ ಷೇರುಪೇಟೆಯ ಸೂಚ್ಯಂಕ ನಿಫ್ಟಿ ಮಾರ್ಚ್ 23ಕ್ಕೆ 7,600ರ ಹತ್ತಿರ ಬಂತು. ಮರುದಿನ ರಾತ್ರಿ ಲಾಕ್‌ಡೌನ್ ಘೋಷಣೆ. ಫಂಡಿನಲ್ಲಿದ್ದ ಐದೂವರೆ ಲಕ್ಷ ಮೂರೂವರೆ ಆಗಿತ್ತು. ಸೊಸೈಟಿಯ ಗಾಯ ಇನ್ನೂ ಹಸಿ. ಮೊಬೈಲ್ ಹಿಡಿದು, ಎಲ್ಲ ತೆಗೆದುಬಿಡುತ್ತೇನೆ ಅಂತ ಕೂತಿದ್ದೆ. ಅವ್ವನಿಗೆ ಷೇರು, ಫಂಡು ಏನೂ ತಿಳಿಯದು. ಹೋದದ್ದು ಏನು ಅಂತ ಕೇಳಿದಳು. ನಮ್ಮ ದುಡ್ಡಿಗೆ ಬರ ಬಿದ್ದೈತಿ ಅಂದೆ.

“ಬರಗಾಲದಾಗ ಹೊಲಾ ಮಾರಿದವರ್ನ ನಾ ಕಂಡೀನಿ. ಮಳಿ ಬಂದಾಗ ಅವ್ರು ಮಂದಿ ಹೊಲದಾಗ ಕೂಲಿಗೆ ಹೋಗ್ತಿದ್ರು,” ಅಂದು ಒಳಗೆ ಹೋದಳು.

ಮೊಬೈಲ್ ಕೆಳಗಿಟ್ಟೆ. ಎಸ್‌ಐಪಿ ನಿಲ್ಲಿಸಲಿಲ್ಲ. ಆ ವರ್ಷ ಮುಗಿಯುವುದರೊಳಗೆ ಮಾರುಕಟ್ಟೆ ಹಳೇ ಮಟ್ಟ ದಾಟಿತು.

ಆದರೂ 90 ಲಕ್ಷ ದೂರವೇ ಇತ್ತು. 2024ರ ದೀಪಾವಳಿ ಹೊತ್ತಿಗೆ ಎಲ್ಲ ಕೂಡಿಸಿ ಬರೆದೆ. ಪಿ.ಎಫ್. 19 ಲಕ್ಷ, ಪಿಪಿಎಫ್ 13, ಫಂಡು 20, ಬ್ಯಾಂಕು-ಪೋಸ್ಟಿನ ಠೇವಣಿ 9, ಕೆಲಸ ಬಿಡುವಾಗ ಕಾರ್ಖಾನೆಯಿಂದ ಬರಬೇಕಾದ ಗ್ರಾಚುಯಿಟಿ 5.4. ಒಟ್ಟು 66.4 ಲಕ್ಷ. ಇನ್ನೂ ಐದಾರು ವರ್ಷ ದುಡಿಯಬೇಕು ಅಂದೆ. ಹೆಂಡತಿ ಗುಳೇದಗುಡ್ಡದವಳು, ಖಣದ ಬಟ್ಟೆಯ ಜಂಪರ್, ಅಂದರೆ ರವಿಕೆ, ಹೊಲಿಯುವುದರಲ್ಲಿ ಕೈ ಪಳಗಿದೆ. ತಿಂಗಳಿಗೆ ಎಂಟು ಸಾವಿರ ತಪ್ಪದೆ ಬರುತ್ತದೆ. ಆಕೆ ವಹಿ ತಿರುಗಿಸಿ ನೋಡಿ, “ರೀ, ಇದ್ರಾಗ ನನ್ನ ಮಷೀನ್ ಎಲ್ಲೈತಿ?” ಅಂದಳು.

ನಿಜಕ್ಕೂ ಎಲ್ಲೂ ಇರಲಿಲ್ಲ. ತಿಂಗಳಿಗೆ ಎಂಟು ಸಾವಿರ ಅಂದರೆ ವರ್ಷಕ್ಕೆ 96,000. ಗಂಟಿನಿಂದ ಅಷ್ಟು ಬರಬೇಕಾದರೆ ಅದರ 25 ಪಟ್ಟು, 24 ಲಕ್ಷ ಇಟ್ಟಿರಬೇಕು. ನಡುಮನೆಯ ಮೂಲೆಯಲ್ಲಿ ಗರಗರ ಅನ್ನುತ್ತಿದ್ದ ಆ ಮಷೀನು 24 ಲಕ್ಷದ ಹೊಲ! ಆಕೆಯ ಗಳಿಕೆ ಕಳೆದರೆ ಗಂಟಿನಿಂದ ನಮಗೆ ಬೇಕಾದದ್ದು 2.64 ಲಕ್ಷ. ಅದರ 25 ಪಟ್ಟು 66 ಲಕ್ಷ. ನಾಲ್ಕು ಸಲ ಗುಣಿಸಿ ನೋಡಿದೆ. ಹದಿಮೂರು ವರ್ಷ ಲೆಕ್ಕ ಬರೆದವನಿಗೆ ಇದು ಕಾಣಲಿಲ್ಲವಲ್ಲ ಅಂತ ಅವತ್ತು ಬಹಳ ನಾಚಿಕೆಯಾಯಿತು. ಆಕೆಗೆ ಹಾಗೇ ಹೇಳಿದೆ ಕೂಡ.

ಮನೆಯವರನ್ನು ಒಪ್ಪಿಸುವುದು ಲೆಕ್ಕಕ್ಕಿಂತ ಕಷ್ಟ. ಮಾವನವರು, ಮಗಳ ಸಂಬಂಧ ನೋಡಲು ಬಂದವರಿಗೆ ತಂದೆ ಏನು ಮಾಡ್ತಾರೆ ಅಂದರೆ ಏನು ಹೇಳೂದು ಅಂತ ಕೇಳಿದರು. ಗಟ್ಟಿಮುಟ್ಟಾದ ಗಂಡಸು ಮನೆಯಲ್ಲಿ ಕೂತರೆ ಮಂದಿ ಆಡಿಕೊಳ್ಳುತ್ತಾರೆ ಅನ್ನುವುದು ಸುಳ್ಳಲ್ಲ. ನಾನು ಉತ್ತರ ಕೊಡಲಿಲ್ಲ. ವಹಿಯನ್ನೇ ಅವರ ಮುಂದೆ ಇಟ್ಟೆ. ಎರಡು ದಿನ ಇಟ್ಟುಕೊಂಡು ಓದಿ, “ದವಾಖಾನಿ ಖರ್ಚು ಎಲ್ಲಿ ಹಿಡದೀರಿ?” ಅಂದರು. ಸರಿಯಾದ ಪ್ರಶ್ನೆ. ಕೆಲಸ ಬಿಟ್ಟ ದಿನ ಕಾರ್ಖಾನೆಯ ಗುಂಪು ವಿಮೆ ಮುಗಿಯುತ್ತದೆ. ಅದಕ್ಕೇ 2019ರಲ್ಲೇ ಸ್ವಂತ ಆರೋಗ್ಯ ವಿಮೆ ಮಾಡಿಸಿದ್ದೆ. ಮೊದಲೇ ಇರುವ ಕಾಯಿಲೆಗೆ ವಿಮೆ ಸಿಗುವವರೆಗೆ ಕಾಯಬೇಕಾದ ವರ್ಷಗಳು ಕೆಲಸದಲ್ಲಿದ್ದಾಗಲೇ ಕಳೆಯಲಿ ಅಂತ. ಅವ್ವನಿಗೆ ವಿಮೆ ಸಿಗಲಿಲ್ಲ, ಆಕೆಗೆ ಬೇರೆ ಡಬ್ಬಿಯೇ ಇದೆ.

ಕೊನೆಯ ವಾರ ಲೆಕ್ಕದ ವಿಭಾಗದಲ್ಲಿ ಗ್ರಾಚುಯಿಟಿ ಹಾಕಿದರು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 36,000. ಅದಕ್ಕೆ 15 ಗುಣಿಸಿ 26ರಿಂದ ಭಾಗಿಸಿ, ಸೇವೆಯ ವರ್ಷದಿಂದ ಗುಣಿಸಬೇಕು. ಆರು ತಿಂಗಳಿಗಿಂತ ಜಾಸ್ತಿಯಾದ ಕೊನೆಯ ತುಂಡು ಪೂರ್ತಿ ವರ್ಷ ಅಂತ ಲೆಕ್ಕ. ನನ್ನ ಸೇವೆ 26 ವರ್ಷ ಆಯಿತು. ಮೇಲಿನ 26, ಕೆಳಗಿನ 26 ಹೊಡೆದುಹೋಗಿ ಹದಿನೈದು ತಿಂಗಳ ಸಂಬಳ ಉಳಿಯಿತು. ಆ ಹುಡುಗ ಪೆನ್ನಿನಿಂದ ಎರಡೂ 26ರ ಮೇಲೆ ಗೀಟು ಎಳೆದದ್ದನ್ನು ನೋಡುತ್ತ ನಿಂತೆ. ಕಣ್ಣು ತುಂಬಿ ಬಂತು.

ಈಗಿನ ವ್ಯವಸ್ಥೆ ಹೀಗಿದೆ. ಠೇವಣಿ ಮತ್ತು ಗ್ರಾಚುಯಿಟಿಯಿಂದ 12 ಲಕ್ಷ ಪೋಸ್ಟಿನ ಮಾಸಿಕ ಆದಾಯ ಯೋಜನೆಯಲ್ಲಿ ಇಬ್ಬರ ಹೆಸರಿನಲ್ಲಿ ಇಟ್ಟೆ. 7.4ರ ದರದಲ್ಲಿ ತಿಂಗಳಿಗೆ 7,400 ಬರುತ್ತದೆ. ಉಳಿದದ್ದು ಕಷ್ಟಕ್ಕೆ ಅಂತ ಬ್ಯಾಂಕಿನಲ್ಲಿ. ಪಿಪಿಎಫ್ ಬಡ್ಡಿಯನ್ನು ವರ್ಷಕ್ಕೊಮ್ಮೆ ತೆಗೆದು ಹನ್ನೆರಡು ಪಾಲು ಮಾಡುತ್ತೇನೆ. ಮಷೀನಿನ ಎಂಟು ಸಾವಿರ ಇದೆ, ಕಡಿಮೆ ಬೀಳುವ ಏಳು ಸಾವಿರ ಫಂಡಿನಿಂದ ಬರುತ್ತದೆ. ಪಿ.ಎಫ್. ಮುಟ್ಟಿಲ್ಲ. ಕೆಲಸ ಬಿಟ್ಟರೂ 58ರವರೆಗೆ ಅದಕ್ಕೆ ಬಡ್ಡಿ ಬರುತ್ತದೆ, ಈಗಿನ ದರ 8.25. ಹಾಗೇ ನಡೆದರೆ ಒಂಬತ್ತು ವರ್ಷದಲ್ಲಿ ಎರಡರಷ್ಟು. ಬೆಲೆ ಏರಿದಾಗ ಕೈಹಿಡಿಯಲಿ ಅಂತ ಅದನ್ನು ಬೀಳು ಬಿಟ್ಟ ಹೊಲದ ಹಾಗೆ ಬಿಟ್ಟಿದ್ದೇನೆ. ಪಿ.ಎಫ್. ಪಿಂಚಣಿ 50ಕ್ಕೇ ತೆಗೆದುಕೊಳ್ಳಬಹುದು, ಆದರೆ 58ಕ್ಕಿಂತ ಮೊದಲಿನ ಪ್ರತಿ ವರ್ಷಕ್ಕೆ ನೂರಕ್ಕೆ 4 ಕಡಿತ. ಪೂರ್ತಿ ಬಂದರೂ ನನಗೆ ನಾಲ್ಕು ಸಾವಿರದ ಆಸುಪಾಸು ಅಷ್ಟೇ, ಕಾಯುತ್ತೇನೆ. ಮಹಾಲಿಂಗಪುರ ಕಡೆಯ ಇಬ್ಬರು ಗಾಣದವರು ಬೆಲ್ಲದ ರಸ ನೋಡಲು ಕರೆಯುತ್ತಾರೆ. ಆ ದುಡ್ಡು ಅವ್ವನ ಡಬ್ಬಿಗೆ.

ಕಳೆದ ತಿಂಗಳು ಚಿಕ್ಕಪ್ಪನ ಮಗ ಬಂದಿದ್ದ. ಆತನ ಹೊಲ ಬೀಳಗಿ ಕಡೆ. ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನೆಯ ಮೂರನೇ ಹಂತದಲ್ಲಿ ಆಲಮಟ್ಟಿ ನೀರು 524 ಮೀಟರಿಗೆ ಏರಿದರೆ ಅದೂ ಹೋಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿ ಆದರೆ 40 ಲಕ್ಷ, ಒಣಭೂಮಿ ಆದರೆ 30 ಲಕ್ಷ ಅಂತ ನಿರ್ಧಾರ ಮಾಡಿದೆ. “ಅಣ್ಣಾ, ಇಷ್ಟು ರೊಕ್ಕ ಬಂದ್ರ ಏನ್ ಮಾಡೂದು?” ಅಂತ ಕೇಳಿದ. ಯಾರೋ ಆಗಲೇ ಕಾರಿನ ಶೋರೂಮಿಗೆ ಕರೆದುಕೊಂಡು ಹೋಗಿದ್ದರಂತೆ.

ನಾನು ಒಳಗಿನಿಂದ ಆ ನೀಲಿ ಪಾಸ್‌ಬುಕ್ ತಂದು ಕೊಟ್ಟೆ. ಮೇಲಿನಿಂದ ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತ ಬಂದ. ಒಂದು ಕಡೆ ಬೆರಳು ನಿಂತಿತು.

“ಈ ನಲವತ್ತು ಸಾವಿರ ಯಾರಿಗಣ್ಣಾ?”

“ನಿಮ್ಮಪ್ಪನ ಬೋರಿಗೆ.”

ಬಹಳ ಹೊತ್ತು ಮಾತಾಡಲಿಲ್ಲ. ಕೊನೆಯ 1,140ರವರೆಗೂ ನೋಡಿ ಮುಚ್ಚಿಟ್ಟ. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಬೇಕು ಅಂತ ಕೇಳಿದೆ. ಗೊತ್ತಿಲ್ಲ ಅಂದ. ವಹಿಯಿಂದ ಒಂದು ಖಾಲಿ ಹಾಳೆ ಹರಿದು, ಸಾಲು ಹಾಕಿ, ಕಿರಾಣಿಯಿಂದ ಹಿಡಿದು ಅನ್‌ನೋನ್ ಲಾಸ್‌ವರೆಗೆ ಬರೆದುಕೊಟ್ಟೆ. ಮುಂದಿನ ರವಿವಾರ ತುಂಬಿಸಿಕೊಂಡು ಬರುತ್ತೇನೆ ಅಂತ ಹೇಳಿ ಹೋಗಿದ್ದಾನೆ.